ಎರಡು ಪಾಕ ಸೇರಿ ಒಂದು ಹದ

ಮನೆಯಲ್ಲಿ ಪಾಕ ಹಿಡಿದವರಿಗೆ ಗೊತ್ತು, ಎಳೆ ಬರುವುದಕ್ಕೂ ಗಟ್ಟಿಯಾಗುವುದಕ್ಕೂ ನಡುವಿನ ಹೊತ್ತು ಬಲು ಚಿಕ್ಕದು. ಅಮೆರಿಕದ ವರ್ಮಾಂಟ್, ಕೆನಡಾದ ಕ್ವಿಬೆಕ್‌ನಲ್ಲಿ ಮೇಪಲ್ ಸಿರಪ್ ಕಾಯಿಸುವವರ ಪಾಡೂ ಅದೇ. ಚಳಿಗಾಲದ ಕೊನೆಯಲ್ಲಿ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಕೆಲವೇ ವಾರಗಳಲ್ಲಿ, ಅವರು ಮೇಪಲ್ ಮರಕ್ಕೆ ತೂತು ಕೊರೆದು ರಸ ಇಳಿಸುತ್ತಾರೆ. ನೋಡಲು ಅದು ನೀರೇ. ಸಕ್ಕರೆ ನೂರಕ್ಕೆ ಸುಮಾರು 2 ಪಾಲು. 40 ಲೀಟರಿನಷ್ಟು ರಸ ಕುದಿಸಿದರೆ 1 ಲೀಟರ್ ಸಿರಪ್.

ನೂರು ಗ್ರಾಂ ಪಾಕದಲ್ಲಿ ಎಷ್ಟು ಗ್ರಾಂ ಸಕ್ಕರೆಯಿದೆ ಎಂಬುದನ್ನು ಬ್ರಿಕ್ಸ್‌ನಲ್ಲಿ ಹೇಳುತ್ತಾರೆ. ವರ್ಮಾಂಟ್ ನಿಯಮದಂತೆ ಸಿರಪ್ 66.9ಕ್ಕಿಂತ ಕಡಿಮೆ ಇರಬಾರದು, 68.9 ಮೀರಬಾರದು. ಈ ಹಟಕ್ಕೆ ಕಾರಣವಿದೆ. ಕೋಣೆಯ ಬಿಸಿಯಲ್ಲಿ ನೀರು ಹೊರಬಲ್ಲ ಸಕ್ಕರೆಯ ಮಿತಿ ಇರುವುದೇ ಈ ಆಸುಪಾಸಿನಲ್ಲಿ. ಪಾಕ ಅದಕ್ಕಿಂತ ತೆಳುವಾದರೆ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಮಂದವಾದರೆ ಬಾಟಲಿಯ ತಳದಲ್ಲಿ ಹರಳುಗಟ್ಟುತ್ತದೆ.

ಹದ ತಪ್ಪಿದ ಪಾಕವನ್ನು ಏನು ಮಾಡುವುದು? ತೆಳುವನ್ನು ಮತ್ತೆ ಕುದಿಸಬಹುದು. ಆದರೆ ಬಣ್ಣ ಕಪ್ಪಾಗಿ ಆ ನವಿರು ಪರಿಮಳ ಬದಲಾಗುತ್ತದೆ. ಮಂದ ಪಾಕವೊಂದು ಕೈಯಲ್ಲಿದ್ದರೆ ಎರಡನ್ನೂ ಬೆರೆಸುವುದೇ ಲೇಸೆಂದು ನನಗನಿಸುತ್ತದೆ: ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳವೇ ತುಂಬುತ್ತದೆ.

ಲೆಕ್ಕ ಬಾಯಲ್ಲೇ ಮಾಡಬಹುದು. ಒಂದು ಪಾಕ 64, ಇನ್ನೊಂದು 72, ಬೇಕಾದದ್ದು 67 ಎನ್ನಿ. 64ರಿಂದ 67ಕ್ಕೆ ಅಂತರ 3. ಮಂದ ಪಾಕ 3 ಪಾಲು. 72ರಿಂದ 67ಕ್ಕೆ ಅಂತರ 5. ತೆಳು ಪಾಕ 5 ಪಾಲು. ಗುರಿಗೆ ಹತ್ತಿರವಿರುವುದೇ ಹೆಚ್ಚು ಬೇಕು, ನೋಡಿ. ಇದನ್ನು ಪಿಯರ್ಸನ್ ಚೌಕ ಎನ್ನುತ್ತಾರೆ. ಪಾಲನ್ನು ಮಾತ್ರ ತಕ್ಕಡಿಯಲ್ಲಿ ತೂಗಬೇಕು, ಸೌಟಿನಲ್ಲಿ ಅಳೆದರೆ ಸಾಲದು, ಬ್ರಿಕ್ಸ್ ತೂಕದ ಲೆಕ್ಕವಲ್ಲವೇ?

ಮಂದ ಪಾಕ ಭಾರ, ತಳಕ್ಕಿಳಿಯುತ್ತದೆ. ಬಿಸಿ ಮಾಡಿ, ತಳದಿಂದ ಕಲಕದಿದ್ದರೆ ಮೇಲೊಂದು ಹದ, ಕೆಳಗೊಂದು ಹದ. ಹುಳಿತ ಪಾಕವನ್ನಂತೂ ಬೆರಸಲೇಬಾರದು. ಹಾಕಿದ ಸ್ವಲ್ಪವೇ ಹಂಡೆಯಷ್ಟರ ರುಚಿ ಕೆಡಿಸುತ್ತದೆ. ಕಲಕಿದ ಮೇಲೆ, ಪಾಕದ ಸಾಂದ್ರತೆ ತೋರಿಸುವ ತೇಲುಗೋಲು (ಹೈಡ್ರೋಮೀಟರ್) ಇಳಿಬಿಟ್ಟು ಮತ್ತೆ ಅಳೆಯುತ್ತಾರೆ. ಬಿಸಿ ಪಾಕದಲ್ಲಿ ಅದು ಹೆಚ್ಚು ಮುಳುಗುವುದರಿಂದ ತಾಪಕ್ಕೆ ತಕ್ಕ ತಿದ್ದುಪಡಿ ಮಾಡಲೇಬೇಕು. ಹದ ಸರಿಯೆಂದು ಖಚಿತವಾದ ಮೇಲೆ, 85 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಬಿಸಿಬಿಸಿಯಾಗಿಯೇ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯುತ್ತಾರೆ.