ಒಂದು ಲ್ಯಾಪ್‌ಟಾಪಿನೊಳಗೆ ಇನ್ನೊಂದು ಗಣಕಯಂತ್ರ



ಉರ್ದು, ಕನ್ನಡ ಕಲಿಸುವವನಿಗೆ ಗಣಕಯಂತ್ರದ ಮಾತೇಕೆ ಎಂದು ನೀವು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯ ಸೇರಿದ ಮೇಲೆ ಕೇಳುವ ಪ್ರಶ್ನೆ ಒಂದೇ: "ಸರ್, ಲ್ಯಾಬಿನಲ್ಲಿ ಲಿನಕ್ಸ್, ಮನೆಯಲ್ಲಿ ವಿಂಡೋಸ್. ಅಭ್ಯಾಸ ಮಾಡುವುದು ಹೇಗೆ?" ಸಂಜೆ ಬಸ್ಸಿಗೆ ಊರು ಸೇರಬೇಕಾದ ಹೆಣ್ಣುಮಕ್ಕಳಿಗಂತೂ ಲ್ಯಾಬಿನಲ್ಲಿ ಹೆಚ್ಚು ಹೊತ್ತು ಕೂರುವ ಅವಕಾಶವಿಲ್ಲ.

ಇದಕ್ಕೆ ಉಪಾಯ ವರ್ಚುವಲ್ ಮೆಷಿನ್. ಸ್ವಂತ ಮನೆಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟಂತೆ, ನಿಮ್ಮ ವಿಂಡೋಸ್ ಒಳಗೆ ಲಿನಕ್ಸ್‌ಗೆ ಬೇರೆ ಬಾಗಿಲಿನ ಒಂದು ಕೋಣೆ. ಇದು ಹೊಸ ವಿದ್ಯೆಯಲ್ಲ. ಐಬಿಎಂ ಸಂಸ್ಥೆ 1972ರಲ್ಲೇ ತನ್ನ ದೊಡ್ಡ ಯಂತ್ರಗಳಿಗಾಗಿ ಇಂತಹ ತಂತ್ರಾಂಶವನ್ನು ಹೊರತಂದಿತ್ತು.

ಪಡೆಯುವುದು ಎಲ್ಲಿಂದ? 2007ರಲ್ಲಿ ಬಂದ, ಈಗ ಒರೇಕಲ್ ಕಂಪೆನಿಯ ಕೈಯಲ್ಲಿರುವ ವರ್ಚುವಲ್‌ಬಾಕ್ಸ್ ಉಚಿತ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊಗೆ ಹಿಂದೆ ಹಣ ಕೊಡಬೇಕಿತ್ತು. ಆ ಕಾಲದಲ್ಲಿ ಎಷ್ಟೋ ವಿಶ್ವವಿದ್ಯಾನಿಲಯಗಳು ವಿದ್ಯಾರ್ಥಿಗಳಿಗೆ ಅದರ ಕೀ ಹಂಚುತ್ತಿದ್ದವು. 2023ರಲ್ಲಿ ಬ್ರಾಡ್‌ಕಾಮ್ ಆ ಕಂಪೆನಿಯನ್ನು ಕೊಂಡಿತು, 2024ರ ನವೆಂಬರಿನಲ್ಲಿ ಅದನ್ನೂ ಎಲ್ಲರಿಗೂ ಉಚಿತ ಮಾಡಿತು. ಹೀಗಿರುವಾಗ ಅಂಗಡಿಯವನು ಪೆನ್‌ಡ್ರೈವಿನಲ್ಲಿ ಕೊಡುವ ಕದ್ದ ಪ್ರತಿ ಏಕೆ? ಅದರ ಜೊತೆಗೆ ವೈರಸ್ಸನ್ನೂ ಮನೆಗೆ ತಂದಂತಾದೀತು. ಒಂದು ಎಚ್ಚರಿಕೆ: ಕೋಣೆ ಉಚಿತವೆಂದರೆ ಬಾಡಿಗೆದಾರನೂ ಉಚಿತನಲ್ಲ. ಒಳಗೆ ವಿಂಡೋಸ್ ಹಾಕುವುದಾದರೆ ಅದಕ್ಕೆ ಬೇರೆ ಪರವಾನಗಿ ಬೇಕು. ನಿಮ್ಮ ವಿಭಾಗದಲ್ಲಿ ವಿಚಾರಿಸಿ. ಉಬುಂಟುವಿಗೆ ಈ ತೊಡಕಿಲ್ಲ.

ಅನೇಕರು ಮೊದಲ ದಿನವೇ ಕೈಬಿಡುವುದು ಒಂದು ಸಣ್ಣ ಕಾರಣಕ್ಕೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ 'ವರ್ಚುವಲೈಸೇಷನ್' ಎಂಬ ಸಾಲನ್ನು ನೋಡಿರಿ. 'ಡಿಸೇಬಲ್ಡ್' ಎಂದಿದ್ದರೆ ಬಯೋಸ್‌ಗೆ ಹೋಗಿ ಅದನ್ನು ಚಾಲೂ ಮಾಡಬೇಕು. ಇಷ್ಟು ತಿಳಿಯದೆ ಹೊಸ ಲ್ಯಾಪ್‌ಟಾಪ್ ಕೊಡಿಸಿರೆಂದು ತಂದೆಯನ್ನು ಪೀಡಿಸಬೇಡಿ! 8 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್‌ಗೆ 3 ಅಥವಾ 4 ಕೊಡಿ. ಇರುವುದೇ 4 ಆದರೆ ಲುಬುಂಟುವಿನಂತಹ ಹಗುರವಾದುದನ್ನು ಆರಿಸಿ. ನಿಧಾನವಾದರೂ ಸಿ ಪ್ರೋಗ್ರಾಂ ಬರೆಯಲು ಸಾಕು. ಡಿಸ್ಕಿನಲ್ಲಿ 25 ಜಿಬಿ ಜಾಗ ಮೀಸಲಿಡಿ.

ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬೆಲೆ ಇರುವುದು 'ಸ್ನ್ಯಾಪ್‌ಶಾಟ್' ಎಂಬ ಸೌಲಭ್ಯದಲ್ಲಿ. ಯಂತ್ರ ಸರಿಯಿದ್ದಾಗ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಆಮೇಲೆ ಕಡತ ಅಳಿಸಿ, ಸರ್ವರ್ ಕೆಡಿಸಿ, ತಪ್ಪು ಆಜ್ಞೆ ಕೊಡಿ. ಮತ್ತೆ ಹಿಂದಿನ ಸ್ಥಿತಿಗೆ ಮರಳಬಹುದು. ಲ್ಯಾಬಿನಲ್ಲಿ "ಮುಟ್ಟಬೇಡ, ಕೆಟ್ಟೀತು" ಎಂಬ ಮಾತು ಕೇಳಿ ಕೇಳಿ ನಮ್ಮ ಮಕ್ಕಳ ಕೈ ಹಿಂಜರಿಯುತ್ತದೆ. ಮನೆಯಲ್ಲಿ ಕಂಪ್ಯೂಟರನ್ನೇ ಕಾಣದೆ ಪದವಿಗೆ ಬಂದವರಿಗೆ ಈ ಭಯ ಇನ್ನೂ ಹೆಚ್ಚು. ಕೆಡಿಸಿ ಕಲಿಯುವ ಸ್ವಾತಂತ್ರ್ಯ ಉಳ್ಳವರ ಮಕ್ಕಳಿಗಷ್ಟೇ ಇತ್ತು. ಈಗ ಅದು ಅಕ್ಕನಿಂದ ತಂಗಿಗೆ ಬಂದ ಹಳೆಯ ಲ್ಯಾಪ್‌ಟಾಪಿನಲ್ಲೂ ಸಿಗುತ್ತದೆ.

ಆದರೆ ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕಿನಲ್ಲಿ. ಲ್ಯಾಪ್‌ಟಾಪ್ ಕೈಕೊಟ್ಟರೆ ಅದೂ ಹೋಯಿತು. ಪ್ರಾಜೆಕ್ಟಿನ ಕಡತಗಳನ್ನು ವಾರಕ್ಕೊಮ್ಮೆಯಾದರೂ ಹೊರಗೆ ನಕಲು ಮಾಡಿ ಪೆನ್‌ಡ್ರೈವಿನಲ್ಲಿಡಿ, ಪ್ರಾಯೋಗಿಕ ಪರೀಕ್ಷೆಯ ಹಿಂದಿನ ರಾತ್ರಿ ತಪ್ಪದೆ.