ಮುಂದಿನ ಧಾರಣೆ ಮೊದಲು ಯಾರಿಗೆ ಗೊತ್ತಾಗಬೇಕು?

(ಅಡರಕಟ್ಟಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಯುಗಾದಿಗೆ ಗುಡಿಯೊಳಗ ಪಂಚಾಂಗ ಓದಿಸಿ ಈ ವರ್ಷ ಮಳಿ ಹೆಂಗ, ಬೆಳಿ ಹೆಂಗ, ಧಾರಣಿ ಏರತೈತೋ ಇಳೀತೈತೋ ಅಂತ ಕೇಳ್ತೀರಿ. ಈಗ ಇನ್ನೊಂದು ಪಂಚಾಂಗ ಬಂದಿದೆ. ಅದನ್ನು ಓದುವುದು ಕಂಪ್ಯೂಟರ್. 2017ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ನಮ್ಮ ಕೃಷಿ ಬೆಲೆ ಆಯೋಗದ ಜೊತೆ ಕೂಡಿ ತೊಗರಿ ಧಾರಣೆಯನ್ನು ಮೊದಲೇ ಲೆಕ್ಕ ಹಾಕುವ ಪದ್ಧತಿ ತಯಾರಿಸುವುದು ಅದರ ಉದ್ದೇಶ. ಬಿತ್ತಿದ ಕ್ಷೇತ್ರ, ಉತ್ಪಾದನೆ, ಹವಾಮಾನ ಇವೆಲ್ಲದರ ಅಂಕಿ ರಾಶಿ ಹಾಕಿ ಕಾಳು ಆರಿಸಿದ ಹಾಗೆ ಆರಿಸುವ ಕೆಲಸ ಇದು.

ತೊಗರಿಯೇ ಯಾಕೆ? 2015ರಲ್ಲಿ ಪಟ್ಟಣದ ಅಂಗಡಿಯೊಳಗೆ ಬೇಳೆ ಕಿಲೋಕ್ಕೆ 200 ರೂಪಾಯಿ ಮುಟ್ಟಿತ್ತು. ಅದನ್ನು ನೋಡಿ ದೇಶದ ತುಂಬ ತೊಗರಿ ಬಿತ್ತಿದರು. ಮರುವರ್ಷ ಮಳೆಯೂ ಕೈ ಹಿಡಿಯಿತು. 2015-16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ಉತ್ಪಾದನೆ 2016-17ರಲ್ಲಿ 48 ಲಕ್ಷ ಟನ್ ದಾಟಿತು. ಬೆಂಬಲ ಬೆಲೆ ಬೋನಸ್ ಸೇರಿ 5,050 ರೂಪಾಯಿ. ಕಲಬುರಗಿ ಪೇಟೆಯಲ್ಲಿ ಧಾರಣೆ ಅದರ ಕೆಳಗೆ ಇಳಿಯಿತು. ಬೆಳೆದವನೇ ಸಾಲಗಾರನಾದ.

1938ರಲ್ಲಿ ಎಜಿಕೀಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಇದನ್ನು ಜೇಡರ ಬಲೆ ಎಂಬ ಹೆಸರಿನಿಂದ ವಿವರಿಸಿ ಬರೆದ. ಈ ವರ್ಷದ ಧಾರಣೆ ನೋಡಿ ಬಿತ್ತುವುದು, ಮಾರುವುದು ಮಾತ್ರ ಮುಂದಿನ ಧಾರಣೆಗೆ. ನಮ್ಮ ಉಳ್ಳಾಗಡ್ಡಿ ಕಥೆ ಬೇರೆ ಏನೈತಿ?

ಕಂಪ್ಯೂಟರ್ ಅಂದಕೂಡಲೆ ಹೆದರಬೇಡಿ. ಅದರ ಬುಡದ ಲೆಕ್ಕ ನಿಮ್ಮ ವಹಿಯಲ್ಲೂ ಆಗುತ್ತದೆ. ಮಾತಿಗೆ ಹೇಳ್ತೇನೆ: ಲಕ್ಷ್ಮೇಶ್ವರ ಪೇಟೆಯಲ್ಲಿ ನಿಮ್ಮ ಉಳ್ಳಾಗಡ್ಡಿ ಮೂರು ವರ್ಷ ಕ್ವಿಂಟಲಿಗೆ 1,000, 3,000, 1,400 ಹೋಯಿತು ಅನ್ನಿ. ಸರಾಸರಿ 1,800. ನಾವು ನೆನಪಿಟ್ಟುಕೊಳ್ಳುವುದು 3,000 ಒಂದನ್ನೇ! ಮುಂದಿನ ವರ್ಷ 1,800 ಸಿಗಬಹುದು ಅಂತ ಬರೆದಿಡಿ. ಸಿಕ್ಕಿದ್ದು 1,200 ಆದರೆ ಲೆಕ್ಕ 600 ತಪ್ಪಿತು, ಅಂದರೆ ಸಿಕ್ಕ ಧಾರಣೆಯ ಅರ್ಧದಷ್ಟು. ಆ ತಪ್ಪನ್ನೂ ಬರೆದಿಡಬೇಕು. ಇಷ್ಟು ತಪ್ಪುವ ಲೆಕ್ಕ ನಂಬಿ ಸಾಲ ಎತ್ತಬಾರದು. ಭವಿಷ್ಯ ಹೇಳುವವರು ಯಾರೇ ಬರಲಿ, ಹೋದ ಸಲ ಎಷ್ಟು ತಪ್ಪಿದಿರಿ ಅಂತ ಮೊದಲು ಕೇಳಿರಿ. ಇದನ್ನು ಹೇಳದವನ ಅಂಕಿ ಮುಟ್ಟಬೇಡಿರಿ.

ಇನ್ನೊಂದು. ಯಾವ ಯಂತ್ರಕ್ಕೂ ದಿಲ್ಲಿಯವರ ಮನಸ್ಸು ತಿಳಿಯುವುದಿಲ್ಲ. 2023ರ ಆಗಸ್ಟ್‌ನಲ್ಲಿ ಉಳ್ಳಾಗಡ್ಡಿ ರಫ್ತಿನ ಮೇಲೆ ಶೇಕಡಾ 40 ಸುಂಕ ಹಾಕಿದರು. ಡಿಸೆಂಬರ್‌ನಲ್ಲಿ ರಫ್ತನ್ನೇ ನಿಷೇಧಿಸಿದರು. 2024ರ ಮೇ ತಿಂಗಳಲ್ಲಿ ನಿಷೇಧ ತೆಗೆದರು. ಮಳೆಯ ಅಂಕಿ, ಬಿತ್ತನೆಯ ಅಂಕಿ ಎಷ್ಟು ಜಾಲಾಡಿದರೂ ಆ ಆದೇಶ ಅದರೊಳಗೆ ಸಿಗುತ್ತಿರಲಿಲ್ಲ.

ಸರಿಯಾದ ಭವಿಷ್ಯವೇ ಸಿಕ್ಕಿತು ಅನ್ನೋಣ. ಮೂರು ತಿಂಗಳಿಗೆ ಧಾರಣೆ ಏರುತ್ತದೆ ಅಂತ ಗೊತ್ತಾದರೆ ಗೋದಾಮು ಇದ್ದ ವ್ಯಾಪಾರಿ ಸಾವಿರ ಚೀಲ ತುಂಬಿಡುತ್ತಾನೆ. ನಮಗೋ, ಸೊಸೈಟಿಯ ಸಾಲದ ಕಂತು ರಾಶಿ ಕಣದಲ್ಲಿ ಇರುವಾಗಲೇ ಬಾಗಿಲಿಗೆ ಬಂದಿರುತ್ತದೆ. ಕಾಳುಕಡಿಯನ್ನು ಉಗ್ರಾಣದಲ್ಲಿಟ್ಟು ಅಡಮಾನ ಸಾಲ ಪಡೆಯಲು ಆಗಬೇಕು. ಇಲ್ಲದಿದ್ದರೆ ಆ ಸುದ್ದಿ ನಮಗೆ ಉಪಯೋಗವಿಲ್ಲ, ಅವರಿಗೇ ಬಂಡವಾಳ. ಉಳ್ಳಾಗಡ್ಡಿಯನ್ನಂತೂ ಹಾಗೆ ಇಡಲಿಕ್ಕೂ ಬರುವುದಿಲ್ಲ, ಕೊಳೆಯುತ್ತದೆ.

ಆದ್ದರಿಂದ ನಾವು ಕೇಳುವುದು ಇಷ್ಟು. ಸರ್ಕಾರದ ಕೈಯಲ್ಲಿರುವ ಮುನ್ಸೂಚನೆ ಬಿತ್ತುವ ಮೊದಲು ಪಂಚಾಯ್ತಿ ಹಲಗೆಯ ಮೇಲೆ, ಕನ್ನಡದಲ್ಲಿ, ಹಿಂದಿನ ತಪ್ಪಿನ ಸಮೇತ ಬರಬೇಕು. ಧಾರಣೆ ಬೆಂಬಲ ಬೆಲೆಗಿಂತ ಕೆಳಗೆ ಹೋಗುತ್ತದೆ ಅಂತ ಲೆಕ್ಕ ತೋರಿಸಿದರೆ ರಾಶಿಗೆ ಮೊದಲೇ ಖರೀದಿ ಕೇಂದ್ರ ತೆರೆಯಬೇಕು. ಮುಂಚೆ ಗೊತ್ತಿದ್ದೂ ತಡ ಮಾಡಿದರೆ ಅದಕ್ಕೆ ಏನನ್ನಬೇಕು, ನೀವೇ ಹೇಳಿರಿ.

ಮುಂದಿನ ಸಭೆಗೆ ಬರುವಾಗ ಐದು ವರ್ಷದಲ್ಲಿ ದಲಾಲರು ಕೊಟ್ಟ ಪಟ್ಟಿಗಳು ಮನೆಯ ಗೂಟಕ್ಕೆ ಸಿಗಿಸಿದ್ದರೆ ಬಿಡಿಸಿಕೊಂಡು ಬನ್ನಿರಿ. ತಾರೀಖು, ಮಾಲು, ಧಾರಣೆ ಮೂರನ್ನೂ ಒಂದೇ ವಹಿಯಲ್ಲಿ ಬರೆಯೋಣ. ಹತ್ತನೇ ತರಗತಿ ಓದುವ ಹುಡುಗರನ್ನೂ ಕರೆತನ್ನಿ, ಸರಾಸರಿ ತೆಗೆಯಲು ಅವರು ಸಾಕು.