ರಾಡಿನ ಬೋಲ್ಟಿಗೆ ಅಂಟು ಬೇಕೆ?



ಹೋಟೆಲಿನ ಪಾಳಿ ಮುಗಿಸಿ ಗ್ಯಾರೇಜಿನಲ್ಲಿ ಕೈಕೆಲಸ ಕಲಿಯುತ್ತಿರುವ ನಮ್ಮ ಕೆಲವು ಹುಡುಗರು ಒಂದು ಪ್ರಶ್ನೆ ಕೇಳಿದ್ದಾರೆ: ಎಂಜಿನ್ ಕಟ್ಟುವಾಗ ಕನೆಕ್ಟಿಂಗ್ ರಾಡಿನ ಬೋಲ್ಟುಗಳಿಗೆ ಲಾಕ್‌ಟೈಟಿನಂಥ ಅಂಟು ಹಚ್ಚಬಹುದೇ? ಎಂಜಿನ್ ಮಾಡಿದ ಕಂಪನಿಯ ಪುಸ್ತಕವೇ ಹಚ್ಚೆಂದು ಹೇಳದ ಹೊರತು ಹಚ್ಚಬಾರದು.

ಅಂಟು ಕೆಟ್ಟದ್ದೆಂದಲ್ಲ. ಅಮೆರಿಕದ ಹಾರ್ಟ್‌ಫರ್ಡಿನ ರಸಾಯನಶಾಸ್ತ್ರದ ಪ್ರೊಫೆಸರ್ ವರ್ನನ್ ಕ್ರೀಬಲ್ 1953ರಲ್ಲಿ ಕಂಡುಹಿಡಿದ ವಸ್ತು ಅದು. ಗಾಳಿ ತಾಗುತ್ತಿರುವವರೆಗೆ ನೀರಾಗಿರುತ್ತದೆ. ಲೋಹದ ಸಂದಿನಲ್ಲಿ ಗಾಳಿ ಸಿಗದೆ ಹೋದರೆ ಗಟ್ಟಿಯಾಗುತ್ತದೆ. ನಡುಗಿ ನಡುಗಿ ಸಡಿಲಾಗುವ ಸಣ್ಣಪುಟ್ಟ ಸ್ಕ್ರೂಗಳಿಗೆ ಬಹಳ ಉಪಕಾರಿ.

ರಾಡಿನ ಬೋಲ್ಟಿನ ಮಾತೇ ಬೇರೆ. ಪಿಸ್ಟನ್ನು ಹೊಗೆಯನ್ನು ಹೊರತಳ್ಳಿ ಮೇಲಿನ ತುದಿಗೆ ಬಂದಾಗ ಅದನ್ನು ತಡೆಯುವ ಒತ್ತಡ ಮೇಲೆ ಇರುವುದಿಲ್ಲ. ಹಾರಿಹೋಗಲು ನೋಡುವ ಅದನ್ನು ಕೆಳಕ್ಕೆ ಎಳೆದು ತರುವ ಭಾರ ಈ ಬೋಲ್ಟುಗಳ ಮೇಲೆ. ನಿಮಿಷಕ್ಕೆ 3000 ಸುತ್ತಿನ ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಇದು ಸೆಕೆಂಡಿಗೆ 25 ಸಲ! ಬಿಗಿದ ಬೋಲ್ಟು ಸ್ಪ್ರಿಂಗಿನಂತೆ ಕೂದಲೆಳೆಯಷ್ಟು ಹಿಗ್ಗಿರುತ್ತದೆ; ಕ್ಯಾಪನ್ನು ಹಿಡಿದಿಡುವುದು ಆ ಹಿಗ್ಗಿನ ಬಲವೇ. ಅದು ಸಾಲದೆ ಹೋದರೆ, ನಟ್ಟು ತಿರುಗದಂತೆ ಅಂಟು ತಡೆದೀತು, ಆದರೆ ಬೋಲ್ಟು ದಣಿದು ತುಂಡಾಗುವುದನ್ನು ತಡೆಯದು. ಆಗ ರಾಡು ಕ್ರ್ಯಾಂಕ್‌ಕೇಸನ್ನೇ ಒಡೆದು ಹೊರಬರುತ್ತದೆ. ನಷ್ಟವನ್ನು ಯಾರ ಸಂಬಳದಲ್ಲಿ ಹಿಡಿಯುತ್ತಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಮಾತು. ಸ್ಪ್ಯಾನರಿಗೆ ಹಾಕುವ ಬಲದಲ್ಲಿ ಹತ್ತರಲ್ಲೊಂದು ಪಾಲಿನಷ್ಟೇ ಬೋಲ್ಟನ್ನು ಹಿಗ್ಗಿಸುತ್ತದೆ. ಉಳಿದದ್ದೆಲ್ಲ ತಿಕ್ಕಾಟಕ್ಕೆ ಹೋಗುತ್ತದೆ. ಪುಸ್ತಕದ ಟಾರ್ಕ್ ಅಂಕಿ ಎಣ್ಣೆ ಹಚ್ಚಿದ ಬೋಲ್ಟಿನದಾದರೆ, ಎಣ್ಣೆಯ ಬದಲು ಅಂಟು ಹಚ್ಚಿದಾಗ ತಿಕ್ಕಾಟ ಬದಲಾಗುತ್ತದೆ. ಅಂಕಿ ಅದೇ ಇದ್ದರೂ ಬಿಗಿತ ಬೇರೆ! ಬೇರಿಂಗಿನ ಸಂದು ಅಳೆಯಲು ಬೋಲ್ಟನ್ನು ಬಿಚ್ಚಿ ಬಿಗಿಯುವಾಗ ಗಟ್ಟಿಯಾದ ಅಂಟಿನ ಪುಡಿ ಬೇರೆ ತೊಂದರೆ ಕೊಡುತ್ತದೆ.

ಹಳೆಯ ಎಂಜಿನ್ನುಗಳಲ್ಲಿ ಕಿರೀಟದಂಥ ನಟ್ಟು, ಅದಕ್ಕೆ ಸ್ಪ್ಲಿಟ್ ಪಿನ್ನು ಇರುತ್ತಿತ್ತು. ಅಲ್ಲಿ ಹೊಸ ಪಿನ್ನನ್ನೇ ಹಾಕಿರಿ. ಇತ್ತೀಚಿನ ಅನೇಕ ಎಂಜಿನ್ನುಗಳ ಬೋಲ್ಟು ಒಮ್ಮೆ ಹಿಗ್ಗಿದರೆ ಮತ್ತೆ ಉಪಯೋಗಕ್ಕಿಲ್ಲ, ಹೊಸದನ್ನು ತರಿಸಿರಿ. ಥ್ರೆಡ್ಡನ್ನು ಶುದ್ಧಮಾಡಿ, ಪುಸ್ತಕ ಹೇಳಿದ ಎಣ್ಣೆ ಹಚ್ಚಿ, ಎರಡು-ಮೂರು ಸರದಿಯಲ್ಲಿ ಟಾರ್ಕ್ ಸ್ಪ್ಯಾನರಿನಿಂದಲೇ ಬಿಗಿಯಿರಿ. ಮೇಸ್ತ್ರಿ “ಎರಡು ಹನಿ ಅಂಟು ಹಾಕೋ” ಎಂದರೆ, ಪುಸ್ತಕದ ಪುಟ ತೋರಿಸಿ ಎಂದು ಮರ್ಯಾದೆಯಿಂದ ಕೇಳಿರಿ.